ಒಬ್ಬ ತಂದೆಯ ಮೇಲ್ಮನವಿ

ಚಾಮರಾಜನಗರ ಜಿಲ್ಲೆಯು ಕರ್ನಾಟಕದ ದಕ್ಷಿಣದ ಗಡಿಕಾವಲಿನಂತೆ ಇದೆ. ಗುಂಡ್ಲುಪೇಟೆಯಿಂದ ತೆಂಕಣಕ್ಕೆ ಹೊರಟ ಹೆದ್ದಾರಿಗಳು ಬಂಡೀಪುರದ ಅರಣ್ಯವನ್ನು ಹೊಕ್ಕು, ಒಂದು ನೀಲಗಿರಿಯ ಕಡೆಗೂ ಇನ್ನೊಂದು ವಯನಾಡಿನ ಕಡೆಗೂ ಸಾಗುತ್ತವೆ. ಚಾಮರಾಜನಗರದಿಂದ ಹೊರಟ ದಾರಿ ಪುಣಜನೂರನ್ನು ದಾಟಿ ಸತ್ಯಮಂಗಲದ ಘಟ್ಟವನ್ನು ಇಳಿಯುತ್ತದೆ. ಕೊಳ್ಳೇಗಾಲದಿಂದ ಮೂಡಣಕ್ಕೆ ನಡೆದರೆ ಹನೂರು, ಅದರಾಚೆ ಮಾದಪ್ಪನ ಎಪ್ಪತ್ತೇಳು ಮಲೆಗಳು, ಮಲೆಗಳ ಅಂಚಿನಲ್ಲಿ ಪಾಲಾರ್ ಹೊಳೆ; ಅಲ್ಲಿಂದ ಮುಂದೆ ತಮಿಳುನಾಡು. ಭೂಪಟದಲ್ಲಿ ಮೂರು ರಾಜ್ಯಗಳ ಗೆರೆಗಳು ಇಲ್ಲಿ ಕೂಡುತ್ತವೆಯಾದರೂ, ಕಾಡಿಗೆ ಆ ಗೆರೆಗಳ ಅರಿವಿಲ್ಲ. ಆನೆಯ ಹಿಂಡು ಯಾವ ಸರ್ಕಾರದ ಅಪ್ಪಣೆಯನ್ನೂ ಕೇಳದೆ ಗಡಿ ದಾಟುತ್ತದೆ. ಆನೆಯ ಬೆನ್ನಟ್ಟಿ ದಂತಕ್ಕಾಗಿ ಹೊರಟವರೂ ಹಾಗೆಯೇ ದಾಟಿದರು.

ಹೀಗೆ ದಾಟಿದವರಲ್ಲಿ ಎಲ್ಲರಿಗಿಂತ ಕುಖ್ಯಾತನಾದವನು ವೀರಪ್ಪನ್. ಕಾವೇರಿಯ ಅಂಚಿನ ಗೋಪಿನಾಥಂ ಅವನ ಊರು. ಅದು ಕರ್ನಾಟಕಕ್ಕೆ ಸೇರಿದ ಹಳ್ಳಿ. ಮೊದಲು ಆನೆಯ ದಂತವನ್ನೂ ಅನಂತರ ಶ್ರೀಗಂಧವನ್ನೂ ಕದ್ದು ಸಾಗಿಸುತ್ತಿದ್ದ ಅವನು, ಅಡ್ಡ ಬಂದವರನ್ನು ಕೊಲ್ಲಲು ಹಿಂಜರಿಯಲಿಲ್ಲ. ನೂರಕ್ಕೂ ಹೆಚ್ಚು ಮಂದಿಯ ಸಾವಿಗೆ ಕಾರಣನಾದವನೆಂಬ ಆರೋಪ ಅವನ ಮೇಲಿತ್ತು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು 1991ರ ನವೆಂಬರ್ 10ರಂದು ಅವನ ಮೋಸಕ್ಕೆ ಬಲಿಯಾದರು. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆಯೇ ದಾಳಿ ನಡೆಯಿತು. ಅದೇ ವರ್ಷದ ಆಗಸ್ಟ್ 14ರಂದು, ದೇಶವು ಸ್ವಾತಂತ್ರ್ಯೋತ್ಸವಕ್ಕೆ ಅಣಿಯಾಗುತ್ತಿದ್ದ ದಿನ, ಗುಪ್ತ ಮಾಹಿತಿಯ ಜಾಡು ಹಿಡಿದು ಮೀಣ್ಯಂ ಸಮೀಪದ ಕಾಡುದಾರಿಯಲ್ಲಿ ಹೊರಟಿದ್ದ ಪೊಲೀಸ್ ವರಿಷ್ಠಾಧಿಕಾರಿ ಟಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಹಾಗೂ ಅವರ ಸಂಗಡಿಗರು ಹೊಂಚುದಾಳಿಗೆ ಸಿಲುಕಿ ಪ್ರಾಣ ತೆತ್ತರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲದಲ್ಲಿ ಹೂತಿಟ್ಟ ಸಿಡಿಮದ್ದು ಸಿಡಿದು 22 ಮಂದಿ ಸತ್ತರು. ಆಗ ಇವೆಲ್ಲವೂ ಮೈಸೂರು ಜಿಲ್ಲೆಯ ಊರುಗಳಾಗಿದ್ದವು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಈ ಹತ್ಯೆಗಳಿಗೆ ಸಂಬಂಧಿಸಿದಂತೆ ಪೊಲೀಸರು ಅನೇಕರನ್ನು ಬಂಧಿಸಿದರು. ಭಯೋತ್ಪಾದನೆಯನ್ನು ಅಡಗಿಸಲೆಂದು 1987ರಲ್ಲಿ ಸಂಸತ್ತು ಮಾಡಿದ್ದ 'ಟಾಡಾ' ಎಂಬ ಕಠಿಣ ಕಾಯಿದೆಯನ್ನು ಅವರ ಮೇಲೆ ಹೇರಲಾಯಿತು. ಆ ಕಾಯಿದೆಯಂತೆ ಜಾಮೀನು ದೊರೆಯುವುದು ಬಹು ದುಸ್ತರ. ಪೊಲೀಸ್ ಅಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗಬಹುದಾಗಿತ್ತು. 1995ರಲ್ಲಿ ಕಾಯಿದೆಯ ಅವಧಿ ಮುಗಿಯಿತಾದರೂ, ಅದರಡಿಯಲ್ಲಿ ಹೂಡಿದ್ದ ಮೊಕದ್ದಮೆಗಳು ಮುಗಿಯಲಿಲ್ಲ. ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ವರ್ಷಗಟ್ಟಲೆ ನಡೆಯಿತು. 2000ನೆಯ ಇಸವಿಯ ಹೊತ್ತಿಗೆ ಮೈಸೂರಿನ ಕಾರಾಗೃಹದಲ್ಲಿ ಹೀಗೆ ಕಾದು ಕುಳಿತಿದ್ದ ಟಾಡಾ ಬಂದಿಗಳು 51 ಮಂದಿ. ಅವರಲ್ಲಿ ಹೆಚ್ಚಿನವರು ಕಾಡಂಚಿನ ಹಳ್ಳಿಗಳ ಬಡವರು. ಅವರಲ್ಲಿ ಯಾರು ಅಪರಾಧಿ, ಯಾರು ನಿರಪರಾಧಿ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ ಎಂಬ ಮಾತನ್ನು ಓದುಗರು ಮನಸ್ಸಿನಲ್ಲಿಡಬೇಕು. ಮುಂದೆ ಅದು ಬಹು ಮುಖ್ಯವಾಗುತ್ತದೆ.

ಚಾಮರಾಜನಗರಕ್ಕೆ ಅನತಿ ದೂರದಲ್ಲಿ, ಗಡಿಯಾಚೆಯ ತಾಳವಾಡಿ ಸೀಮೆಯಲ್ಲಿ, ಗಾಜನೂರೆಂಬ ಹಳ್ಳಿ ಇದೆ. ಆಡಳಿತಕ್ಕೆ ಅದು ತಮಿಳುನಾಡಿನದು. ಮಾತಿಗೆ, ಸಂತೆಗೆ, ನೆಂಟಸ್ತಿಕೆಗೆ ಕನ್ನಡದ್ದು. ವರನಟ ಡಾ. ರಾಜಕುಮಾರ್ ಅವರ ಊರು ಅದು. 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದಿಂದ ನಾಯಕನಟನಾಗಿ ಮೇಲೆದ್ದು ಬಂದ ಅವರು ನಾಡಿನ ಮನೆಮನೆಯ ಮಾತಾಗಿದ್ದರು. 2000ದ ಜುಲೈ 30ರ ರಾತ್ರಿ ಗಾಜನೂರಿನ ಅವರ ಮನೆಗೆ ವೀರಪ್ಪನ್ ಶಸ್ತ್ರಧಾರಿಗಳೊಡನೆ ನುಗ್ಗಿ, 71 ವರ್ಷದ ಆ ಹಿರಿಯ ನಟರನ್ನೂ ಅವರೊಡನಿದ್ದ ಮೂವರನ್ನೂ ಕಾಡಿಗೆ ಒಯ್ದನು.

ಸುದ್ದಿ ಹರಡಿದೊಡನೆ ಕರ್ನಾಟಕ ಸ್ತಬ್ಧವಾಯಿತು. ಬೆಂಗಳೂರಿನಲ್ಲಿ ಅಂಗಡಿ ಮುಂಗಟ್ಟುಗಳು ಮುಚ್ಚಿದವು, ಚಿತ್ರಮಂದಿರಗಳು ಬಾಗಿಲೆಳೆದವು. ಕಾವೇರಿ ನೀರಿನ ವಿವಾದದಿಂದ 1991ರ ಡಿಸೆಂಬರಿನಲ್ಲಿ ನಡೆದ ಗಲಭೆಯ ಕಹಿ ನೆನಪು ಇನ್ನೂ ಆರಿರಲಿಲ್ಲ. ನಟನ ಪ್ರಾಣಕ್ಕೆ ಅಪಾಯವೊದಗಿದರೆ ನೆರೆಹೊರೆಯಲ್ಲಿ ಅಣ್ಣತಮ್ಮಂದಿರಂತೆ ಬಾಳುತ್ತಿದ್ದ ಕನ್ನಡಿಗರೂ ತಮಿಳರೂ ಪರಸ್ಪರ ಹಗೆಗಳಾದಾರೆಂಬ ಭೀತಿ ಎಲ್ಲೆಡೆಯಲ್ಲೂ ತುಂಬಿತ್ತು. ಕರ್ನಾಟಕದ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಹಾಗೂ ತಮಿಳುನಾಡಿನ ಮುಖ್ಯಮಂತ್ರಿ ಎಂ. ಕರುಣಾನಿಧಿ ಅವರು ಒಟ್ಟಿಗೆ ಕುಳಿತು ಸಮಾಲೋಚಿಸಿ, ಪತ್ರಿಕಾ ಸಂಪಾದಕರೊಬ್ಬರನ್ನು ಸಂಧಾನಕ್ಕಾಗಿ ಕಾಡಿಗೆ ಕಳುಹಿಸಿದರು. ಅವರ ಕೈಯಲ್ಲಿ ವೀರಪ್ಪನ್ ಬೇಡಿಕೆಗಳ ಪಟ್ಟಿಯನ್ನು ಕಳುಹಿಸಿದನು. ಕಾವೇರಿ ನೀರು, ಗಲಭೆಯ ಸಂತ್ರಸ್ತರಿಗೆ ಪರಿಹಾರ, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯ ಅನಾವರಣ ಮೊದಲಾದ ಹಲವು ಬೇಡಿಕೆಗಳ ನಡುವೆ ಮೈಸೂರಿನ ಟಾಡಾ ಬಂದಿಗಳ ಬಿಡುಗಡೆಯೂ ಇತ್ತು. ಉಳಿದವೆಲ್ಲ ಮಾತಿನವು, ತಕ್ಷಣ ಈಡೇರಿಸಲು ಸರ್ಕಾರದ ಕೈಯಲ್ಲಿದ್ದುದು ಇದೊಂದೇ ಎಂಬಂತೆ ಆಗಿನ ದಿನಗಳಲ್ಲಿ ತೋರಿತು.

ಸರ್ಕಾರದ ಇಕ್ಕಟ್ಟನ್ನು ಲಘುವಾಗಿ ಎಣಿಸುವಂತಿಲ್ಲ. ಒಂದೆಡೆ ಜನರ ಆರಾಧ್ಯನಾದ ವೃದ್ಧ ಕಲಾವಿದನ ಪ್ರಾಣ. ಇನ್ನೊಂದೆಡೆ ಸಾವಿರಾರು ಅಮಾಯಕರ ಮನೆ ಮಾರುಗಳ ಸುರಕ್ಷಿತತೆ. ಆಳುವವರು ಅಳುಕಿದರೆಂದು ದೂರದಿಂದ ಆಡಿಕೊಳ್ಳುವುದು ಸುಲಭ. ಆ ಸ್ಥಾನದಲ್ಲಿ ಕುಳಿತವರಿಗೆ ರಾತ್ರಿಯ ನಿದ್ದೆ ಇರಲಿಲ್ಲ.

ಆದರೆ ಕಾರಾಗೃಹದ ಬೀಗದ ಕೈ ಸರ್ಕಾರದ ಬಳಿಯಲ್ಲಿ ಇರುವುದಿಲ್ಲ. ನ್ಯಾಯಾಲಯದ ವಶದಲ್ಲಿರುವ ಆರೋಪಿಯನ್ನು ಮಂತ್ರಿಗಳಾಗಲಿ ಪೊಲೀಸರಾಗಲಿ ತಮ್ಮಿಚ್ಛೆಯಂತೆ ಬಿಡುವಂತಿಲ್ಲ. ಅದಕ್ಕೆ ಕಾನೂನು ಒಂದು ದಾರಿಯನ್ನು ಹಾಕಿಕೊಟ್ಟಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 321ನೆಯ ಪ್ರಕರಣದ ಪ್ರಕಾರ, ತೀರ್ಪು ಹೊರಬೀಳುವ ಮುನ್ನ ಸರ್ಕಾರಿ ಅಭಿಯೋಜಕರು ನ್ಯಾಯಾಲಯದ ಒಪ್ಪಿಗೆ ಪಡೆದು ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಬಹುದಿತ್ತು. ಇಲ್ಲಿ ಮೂರು ಬಾಗಿಲುಗಳಿವೆ. ಸರ್ಕಾರ ತನ್ನ ಅಭಿಪ್ರಾಯವನ್ನು ತಿಳಿಸಬಹುದು. ಅಭಿಯೋಜಕರು ಅದನ್ನು ಕೇಳಿಯೂ ಸ್ವತಂತ್ರವಾಗಿ ವಿಚಾರ ಮಾಡಬೇಕು. ಆಮೇಲೆ ನ್ಯಾಯಾಧೀಶರು ತಮ್ಮ ವಿವೇಚನೆಯಿಂದ ಒಪ್ಪಬೇಕು ಇಲ್ಲವೆ ನಿರಾಕರಿಸಬೇಕು. ಅಭಿಯೋಜಕರೆಂದರೆ ಸರ್ಕಾರದ ವಕೀಲರೆಂದು ಸಾಮಾನ್ಯವಾಗಿ ಜನ ತಿಳಿಯುತ್ತಾರೆ. ಸಂಬಳ ಸರ್ಕಾರದ್ದೇ ಹೌದು. ಆದರೆ ಅವರ ಹೊಣೆ ಇರುವುದು ಸಾರ್ವಜನಿಕರ ಹಿತಕ್ಕೆ. ಸರ್ಕಾರ ಕೊಟ್ಟ ಕಾಗದವನ್ನು ನ್ಯಾಯಾಲಯಕ್ಕೆ ಮುಟ್ಟಿಸುವ ಅಂಚೆಯವನ ಕೆಲಸ ಅವರದಲ್ಲ.

ಮೈಸೂರಿನಲ್ಲಿ ವಿಶೇಷ ಅಭಿಯೋಜಕರು ಬಂದಿಗಳ ಮೇಲಿನ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಅನುಮತಿ ಕೋರಿ ಅರ್ಜಿ ಸಲ್ಲಿಸಿದರು. ಬೇರೆ ಕಾಯಿದೆಗಳ ಅಡಿಯ ಆರೋಪಗಳು ಹಾಗೆಯೇ ಉಳಿಯುವುವು. ಟಾಡಾ ಕಳಚಿದರೆ ಜಾಮೀನಿನ ಹಾದಿ ಸುಗಮವಾಗುವುದು. ಜಾಮೀನು ದೊರೆತರೆ ಬಂದಿಗಳು ಹೊರಬರುವರು. ಆಗ ಒತ್ತೆಯಾಳು ಮನೆಗೆ ಮರಳಿಯಾರು. ಲೆಕ್ಕಾಚಾರ ಈ ಬಗೆಯದು. ನಟನ ಜೀವವನ್ನು ಉಳಿಸುವುದೂ ಭಾಷಿಕರ ನಡುವೆ ಶಾಂತಿಯನ್ನು ಕಾಪಾಡುವುದೂ ಸಾರ್ವಜನಿಕ ಹಿತವೇ ಅಲ್ಲವೆ ಎಂಬುದು ಅರ್ಜಿಯ ವಾದ. ಆಗಸ್ಟ್ 19ರಂದು ವಿಶೇಷ ನ್ಯಾಯಾಲಯ ಒಪ್ಪಿಗೆ ನೀಡಿತು.

ನಾಡೆಲ್ಲ ನಿಟ್ಟುಸಿರು ಬಿಡಲು ಸಿದ್ಧವಾಗಿದ್ದ ಆ ಹೊತ್ತಿನಲ್ಲಿ ಒಬ್ಬ ವೃದ್ಧರು ಮಾತ್ರ ಎದ್ದು ನಿಂತರು. ಅವರು ಅಬ್ದುಲ್ ಕರೀಂ. ಎಂಟು ವರ್ಷಗಳ ಹಿಂದೆ ಮೀಣ್ಯಂ ಕಾಡಿನಲ್ಲಿ ಹತರಾದ ಶಕೀಲ್ ಅಹಮದ್ ಅವರ ತಂದೆ. ಮಗನನ್ನು ಕೊಂದ ಆರೋಪವನ್ನು ಹೊತ್ತವರ ಮೊಕದ್ದಮೆ ತೀರ್ಮಾನವಾಗುವ ಮೊದಲೇ ಬಂದೂಕಿನ ಬೆದರಿಕೆಗೆ ಮಣಿದು ಆರೋಪ ಕೈಬಿಡುವುದು ನ್ಯಾಯವೆ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯನ್ನು ಕೇಳಲು ಎಷ್ಟು ಎದೆಗಾರಿಕೆ ಬೇಕಾಗಿತ್ತು ಎಂಬುದನ್ನು ಈಗ ಊಹಿಸಿಕೊಳ್ಳುವುದು ಕಷ್ಟ. ಕೋಟ್ಯಂತರ ಜನರು ಒಬ್ಬ ಕಲಾವಿದನ ಕ್ಷೇಮಕ್ಕಾಗಿ ದೇವರಿಗೆ ಹರಕೆ ಹೊರುತ್ತಿದ್ದಾಗ, ಆ ಬಿಡುಗಡೆಗೆ ಅಡ್ಡಗಾಲಾದವರೆಂಬ ನಿಂದೆಗೆ ಗುರಿಯಾಗುವ ಅಪಾಯ ಅವರಿಗಿತ್ತು. ಆದರೆ ಅವರು ಕೇಳಿದ್ದು ಸೇಡನ್ನಲ್ಲ, ವಿಚಾರಣೆಯನ್ನು. ಅವರು ಮೇಲ್ಮನವಿಯೊಡನೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಬಂದಿಗಳು ಹೊರಬರುವ ಮೊದಲೇ ತಡೆಯಾಜ್ಞೆ ಹೊರಟಿತು.

ದೆಹಲಿಯ ಸರ್ವೋಚ್ಚ ನ್ಯಾಯಾಲಯವು ನಮ್ಮ ಗಣರಾಜ್ಯದ ಸಮವಯಸ್ಕ ಸಂಸ್ಥೆ. 1950ರ ಜನವರಿ 26ರಂದು ಸಂವಿಧಾನವು ಜಾರಿಗೆ ಬಂದಿತು. ಎರಡು ದಿನಗಳ ಬಳಿಕ, ಜನವರಿ 28ರಂದು, ಈ ನ್ಯಾಯಾಲಯ ಉದ್ಘಾಟನೆಗೊಂಡಿತು. ಅದು ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೂ ಬದ್ಧವಾದುದೆಂದು ಸಂವಿಧಾನದ 141ನೆಯ ಅನುಚ್ಛೇದ ಹೇಳುತ್ತದೆ. ಆದುದರಿಂದ ಅಲ್ಲಿ ನಿರ್ಣಯವಾಗುವುದು ಇಬ್ಬರು ಕಕ್ಷಿಗಾರರ ವ್ಯಾಜ್ಯ ಮಾತ್ರವಲ್ಲ. ಮುಂದೆ ಅಂಥದೇ ಇಕ್ಕಟ್ಟು ಕಾಶ್ಮೀರದಲ್ಲಾಗಲಿ ಕೇರಳದಲ್ಲಾಗಲಿ ಒದಗಿದಾಗ ಅನುಸರಿಸಬೇಕಾದ ನಿಯಮವೂ ಅಲ್ಲಿಯೇ ಮೂಡುತ್ತದೆ.

ಮೇಲ್ಮನವಿಯ ವಿಚಾರಣೆ ನಡೆಸಿದವರು ನ್ಯಾಯಮೂರ್ತಿಗಳಾದ ಎಸ್. ಪಿ. ಭರೂಚಾ, ಡಿ. ಪಿ. ಮಹಾಪಾತ್ರ ಮತ್ತು ವೈ. ಕೆ. ಸಭರ್ವಾಲ್. ಇವರಲ್ಲಿ ಭರೂಚಾ ಅವರು ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು. ಈ ನಾಡಿನ ಸ್ಥಿತಿಗತಿ ಅವರಿಗೆ ಹೊಸದಾಗಿರಲಿಲ್ಲ. 2000ದ ನವೆಂಬರ್ 7ರಂದು ತೀರ್ಪು ಹೊರಬಿದ್ದಿತು. ಮೈಸೂರಿನ ವಿಶೇಷ ನ್ಯಾಯಾಲಯ ನೀಡಿದ್ದ ಒಪ್ಪಿಗೆಯನ್ನು ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿತು.

ತೀರ್ಪಿನ ತಿರುಳನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅಗತ್ಯ. ನಟನ ಪ್ರಾಣಕ್ಕೆ ಬೆಲೆಯಿಲ್ಲವೆಂದು ನ್ಯಾಯಮೂರ್ತಿಗಳು ಹೇಳಲಿಲ್ಲ. ಬಂದಿಗಳೆಲ್ಲ ಕೊಲೆಗಡುಕರೆಂದೂ ಹೇಳಲಿಲ್ಲ. ಅವರು ಪರಿಶೀಲಿಸಿದ್ದು, ಕಾನೂನು ವಿಧಿಸಿದ ವಿವೇಚನೆ ನಿಜವಾಗಿ ನಡೆಯಿತೆ ಎಂಬ ಒಂದೇ ಸಂಗತಿಯನ್ನು. ಮೊಕದ್ದಮೆ ಹಿಂತೆಗೆದರೆ ಸಾರ್ವಜನಿಕ ಹಿತ ಸಾಧಿಸುವುದೆಂದು ಅಭಿಯೋಜಕರಿಗೆ ಪ್ರಾಮಾಣಿಕವಾಗಿ ಮನವರಿಕೆಯಾಗಿರಬೇಕು. ಹಾಗಾಗಬೇಕಾದರೆ ತಕ್ಕಡಿಯ ಎರಡೂ ತಟ್ಟೆಗಳನ್ನು ನೋಡಬೇಕು. ಒಂದು ತಟ್ಟೆಯಲ್ಲಿ ಒತ್ತೆಯಾಳಿನ ಪ್ರಾಣವೂ ಗಲಭೆಯ ಭೀತಿಯೂ ಇದ್ದವು, ಅದನ್ನು ನೋಡಿದರು. ಇನ್ನೊಂದರಲ್ಲಿದ್ದುದೇನು? ಸಹಚರರೆನ್ನಲಾದವರು ಮರಳಿ ಕಾಡು ಸೇರಿದರೆ ವೀರಪ್ಪನ್‌ನ ಬಲ ಎಷ್ಟು ಹೆಚ್ಚೀತು? ಕೇಳಿದ್ದೆಲ್ಲ ಕೊಟ್ಟರೂ ಅವನು ಒತ್ತೆಯಾಳುಗಳನ್ನು ಬಿಡುವನೆಂಬುದಕ್ಕೆ ಆಧಾರವೇನು? ಕಾಡಿನಲ್ಲಿ ಪ್ರಾಣ ಪಣಕ್ಕಿಟ್ಟು ದುಡಿಯುವ ಪೊಲೀಸರ, ಅರಣ್ಯ ರಕ್ಷಕರ ಧೈರ್ಯದ ಗತಿಯೇನು? ಇವುಗಳನ್ನು ತೂಗಿ ನೋಡಿದ್ದರೆಂಬುದಕ್ಕೆ ದಾಖಲೆಗಳಲ್ಲಿ ಕುರುಹು ಕಾಣಲಿಲ್ಲ. ಸರ್ಕಾರದ ತೀರ್ಮಾನವನ್ನು ಅಭಿಯೋಜಕರು ಒಪ್ಪಿದರು. ಅಭಿಯೋಜಕರ ಮಾತನ್ನು ವಿಶೇಷ ನ್ಯಾಯಾಲಯ ಒಪ್ಪಿತು. ಮೂರು ಬಾಗಿಲುಗಳಿದ್ದರೂ ಕಾವಲಿಗೆ ನಿಂತವರು ಯಾರೂ ಇರಲಿಲ್ಲವೆಂಬಂತಾಯಿತು. ಹತ್ತು ವರ್ಷ ವೀರಪ್ಪನ್‌ನನ್ನು ಹಿಡಿಯಲಾಗದೆ ಹೋದ ಎರಡೂ ರಾಜ್ಯಗಳ ಆಡಳಿತದ ಬಗೆಗೆ ನ್ಯಾಯಾಲಯಕ್ಕೆ ಅಸಮಾಧಾನವಿದ್ದುದು ಗುಟ್ಟಾಗಿ ಉಳಿಯಲಿಲ್ಲ.

ತೀರ್ಪು ಬಂದ ದಿನ ಅನೇಕರ ಎದೆ ಝಲ್ಲೆಂದಿತು. ಇನ್ನು ನಟನ ಗತಿಯೇನೆಂದು ಜನ ಕಂಗೆಟ್ಟರು. ಆದರೆ ಎಂಟು ದಿನಗಳ ತರುವಾಯ, ನವೆಂಬರ್ 15ರಂದು, 108 ದಿನಗಳ ವನವಾಸವನ್ನು ಮುಗಿಸಿ ರಾಜಕುಮಾರ್ ಕ್ಷೇಮವಾಗಿ ಹಿಂತಿರುಗಿದರು. ಆ ಬಿಡುಗಡೆಯ ಬಗೆಗೆ ಹುಟ್ಟಿಕೊಂಡ ಕಥೆಗಳು ನೂರೆಂಟು. ಅವುಗಳ ಗೊಡವೆ ಇಲ್ಲಿ ಬೇಡ. ಮೈಸೂರಿನ ಬಂದಿಗಳು ಮಾತ್ರ ಆ ದಿನವೂ ಕಾರಾಗೃಹದಲ್ಲಿಯೇ ಇದ್ದರು.

ಇದರಿಂದ, ನ್ಯಾಯಕ್ಕೆ ಅಂಟಿಕೊಂಡವರಿಗೆ ಯಾವಾಗಲೂ ಒಳಿತೇ ಆಗುವುದೆಂದು ಭಾವಿಸಿದರೆ ಅದು ಚರಿತ್ರೆಗೆ ಮಾಡಿದ ಅಪಚಾರವಾದೀತು. ಎರಡು ವರ್ಷಗಳ ಅನಂತರ, 2002ರ ಆಗಸ್ಟ್ 25ರಂದು, ಕೊಳ್ಳೇಗಾಲ ಸಮೀಪದ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ವೀರಪ್ಪನ್ ಅಪಹರಿಸಿದನು. ಅವರು ಮರಳಿ ಬರಲಿಲ್ಲ; ಡಿಸೆಂಬರ್ 8ರಂದು ಕಾಡಿನಲ್ಲಿ ಅವರ ಶವ ದೊರೆಯಿತು. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರಂದು, ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ, ಆ ರಾಜ್ಯದ ವಿಶೇಷ ಕಾರ್ಯಪಡೆಯ ಗುಂಡಿಗೆ.

ಈಗ ಆ 51 ಮಂದಿಯ ಕಡೆಗೆ ಮರಳಬೇಕು. ಜನರ ಕಣ್ಣಿಗೆ ಅವರು ಬಿಡುಗಡೆಯ ಬೆಲೆಯಾಗಿದ್ದರೇ ಹೊರತು ಮನುಷ್ಯರಾಗಿರಲಿಲ್ಲ. ವೀರಪ್ಪನ್ ಅವರನ್ನು ಬಿಡಿ ಎಂದನು, ಸರ್ಕಾರ ಬಿಡಲು ಹೊರಟಿತು, ನ್ಯಾಯಾಲಯ ತಡೆಯಿತು. ಅವರೇನು ಮಾಡಿದ್ದರು? ಉತ್ತರ ದೊರೆತದ್ದು 2001ರ ಸೆಪ್ಟೆಂಬರಿನಲ್ಲಿ. ಮೈಸೂರಿನ ವಿಶೇಷ ನ್ಯಾಯಾಲಯವು ಕೆಲವರನ್ನು ಅಪರಾಧಿಗಳೆಂದು ತೀರ್ಮಾನಿಸಿ ಜೀವಾವಧಿ ಶಿಕ್ಷೆ ವಿಧಿಸಿತು. ಹೆಚ್ಚಿನ ಆರೋಪಿಗಳನ್ನು ನಿರ್ದೋಷಿಗಳೆಂದು ಬಿಟ್ಟಿತು. ವರ್ಷಗಳ ಕಾಲ ಸೆರೆಯಲ್ಲಿದ್ದು, ಕೊನೆಗೆ ನಿರ್ದೋಷಿಯೆನಿಸಿ ಊರಿಗೆ ಮರಳಿದ ಮನುಷ್ಯನ ಹೊಲ ಬೀಡು ಬಿದ್ದಿರುತ್ತದೆ; ಬಿಟ್ಟುಹೋದ ಎಳೆಯ ಮಕ್ಕಳು ಬೆಳೆದು ನಿಂತಿರುತ್ತಾರೆ. ಆ ವರ್ಷಗಳನ್ನು ಅವನಿಗೆ ಯಾವ ತೀರ್ಪೂ ಹಿಂದಿರುಗಿಸದು. ಕಾಡಂಚಿನ ಹಳ್ಳಿಗರ ಮೇಲೆ ಕಾರ್ಯಪಡೆಗಳು ದೌರ್ಜನ್ಯ ನಡೆಸಿದವೆಂಬ ದೂರುಗಳ ಬಗ್ಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ವಿಚಾರಣೆ ನಡೆಸಿತು. 2007ರಲ್ಲಿ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿಗಳ ಪರಿಹಾರವನ್ನು ಘೋಷಿಸಲಾಯಿತು. ಕಾಡುಗಳ್ಳನ ಕ್ರೌರ್ಯವನ್ನು ಹೇಳುವವರು ಈ ಮಾತನ್ನೂ ಹೇಳಬೇಕು.

ಹಾಗಾದರೆ 2000ದಲ್ಲಿ ಬಂದಿಗಳನ್ನು ಬಿಟ್ಟಿದ್ದರೆ ಒಳ್ಳೆಯದಾಗುತ್ತಿರಲಿಲ್ಲವೆ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಕೇಳಬೇಕಾದ ಪ್ರಶ್ನೆಯೇ. ಅಂದು ಬಿಡುಗಡೆಯಾಗಿದ್ದರೆ ಅವರು ವೀರಪ್ಪನ್ ಬಿಡಿಸಿದವರು ಎಂಬ ಹಣೆಪಟ್ಟಿಯನ್ನು ಹೊತ್ತೇ ಹೊರಬರುತ್ತಿದ್ದರು. ಬೇರೆ ಆರೋಪಗಳು ತಲೆಯ ಮೇಲೆ ತೂಗುತ್ತಲೇ ಇರುತ್ತಿದ್ದವು. 2001ರಲ್ಲಿ ಹೊರಬಂದವರು ಸಾಕ್ಷ್ಯವನ್ನು ಒರೆಗೆ ಹಚ್ಚಿದ ಮೇಲೆ ನಿರ್ದೋಷಿಗಳೆನಿಸಿ ಹೊರಬಂದರು. ಕೊಲೆಯಾದ ಪೊಲೀಸನ ತಂದೆಗೂ ಸೆರೆಯಲ್ಲಿದ್ದ ನಿರಪರಾಧಿಗೂ ಬೇಕಾಗಿದ್ದುದು ವಿಚಾರಣೆಯೇ. ವಿಚಾರಣೆ ಅಷ್ಟು ತಡವಾದದ್ದು ಮಾತ್ರ ಯಾರೂ ಸಮರ್ಥಿಸಲಾಗದ ಲೋಪ.

ಮೀಣ್ಯಂ, ಪಾಲಾರ್‌ಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಟಾಡಾ ಕಾಯಿದೆಯಂತೆ ವಿಶೇಷ ನ್ಯಾಯಾಲಯದ ತೀರ್ಪಿನ ಮೇಲಿನ ಮನವಿ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗುತ್ತದೆ. ಪಾಲಾರ್ ಸ್ಫೋಟದ ಅಪರಾಧಿಗಳಲ್ಲಿ ನಾಲ್ವರು ಜೀವಾವಧಿ ಶಿಕ್ಷೆಯ ವಿರುದ್ಧ ಮೇಲ್ಮನವಿ ಸಲ್ಲಿಸಿದರು. 2004ರ ಜನವರಿ 29ರಂದು ಹೊರಟ ತೀರ್ಪು ಅವರ ನಿರೀಕ್ಷೆಗೆ ವಿರುದ್ಧವಾಗಿತ್ತು. ನ್ಯಾಯಾಲಯ ತಾನಾಗಿಯೇ ಅವರಿಗೆ ನೋಟೀಸು ನೀಡಿ, ವಾದವನ್ನು ಆಲಿಸಿ, ಶಿಕ್ಷೆಯನ್ನು ಗಲ್ಲಿಗೆ ಏರಿಸಿತು. 2000ದ ಪೀಠದಲ್ಲಿದ್ದ ಸಭರ್ವಾಲ್ ಅವರು ಈ ಪೀಠದಲ್ಲಿಯೂ ಇದ್ದರು.

ಗಲ್ಲಿಗೆ ಗುರಿಯಾದವನಿಗೆ ಉಳಿಯುವ ಕೊನೆಯ ದಾರಿ ಕ್ಷಮಾದಾನದ ಅರ್ಜಿ. ಸಂವಿಧಾನದ 72ನೆಯ ಅನುಚ್ಛೇದ ರಾಷ್ಟ್ರಪತಿಗೂ 161ನೆಯದು ರಾಜ್ಯಪಾಲರಿಗೂ ಶಿಕ್ಷೆಯನ್ನು ಮನ್ನಿಸುವ ಅಥವಾ ಇಳಿಸುವ ಅಧಿಕಾರವನ್ನು ಕೊಟ್ಟಿವೆ. ನಾಲ್ವರೂ 2004ರಲ್ಲಿಯೇ ಅರ್ಜಿ ಹಾಕಿಕೊಂಡರು. ಅದಕ್ಕೆ ಉತ್ತರ ಬಂದದ್ದು 2013ರ ಫೆಬ್ರುವರಿಯಲ್ಲಿ, ಅರ್ಜಿ ತಿರಸ್ಕೃತವಾಗಿತ್ತು. ನಡುವಿನ ಒಂಬತ್ತು ವರ್ಷಗಳನ್ನು ಅವರು ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ, ಪ್ರತಿ ಮುಂಜಾವನ್ನೂ ಕೊನೆಯದೋ ಏನೋ ಎಂದುಕೊಳ್ಳುತ್ತ ಕಳೆದರು.

ಆಗ ಪ್ರಶ್ನೆ ಪುನಃ ದೆಹಲಿಗೆ ಹೋಯಿತು. ಈ ಬಾರಿ ನ್ಯಾಯಾಲಯದ ಮುಂದಿದ್ದುದು ಸಂವಿಧಾನದ 21ನೆಯ ಅನುಚ್ಛೇದ. ಕಾನೂನು ಸ್ಥಾಪಿಸಿದ ವಿಧಾನದ ಹೊರತು ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯಬಾರದೆಂದು ಅದು ವಿಧಿಸುತ್ತದೆ. ಗಲ್ಲಿನ ಅಪರಾಧಿಗೂ ಆ ರಕ್ಷಣೆ ಇದೆಯೆ? ಇದ್ದರೆ ಎಲ್ಲಿಯವರೆಗೆ? ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ, ನ್ಯಾಯಮೂರ್ತಿಗಳಾದ ರಂಜನ್ ಗೊಗೊಯಿ ಮತ್ತು ಶಿವಕೀರ್ತಿ ಸಿಂಗ್ ಅವರ ಪೀಠವು ದೇಶದ ಬೇರೆ ಬೇರೆ ಭಾಗಗಳ ಇಂಥ ಅರ್ಜಿಗಳನ್ನು ಒಟ್ಟಿಗೆ ಆಲಿಸಿ, 2014ರ ಜನವರಿ 21ರಂದು ತೀರ್ಪು ನೀಡಿತು. ಶತ್ರುಘ್ನ ಚೌಹಾಣ್ ಪ್ರಕರಣವೆಂದು ಅದು ಹೆಸರಾಗಿದೆ. ಅಪರಾಧಿಯ ಕೊನೆಯುಸಿರಿನವರೆಗೂ 21ನೆಯ ಅನುಚ್ಛೇದದ ಕಾವಲು ಅವನ ಸುತ್ತ ಇರುತ್ತದೆ ಎಂದು ನ್ಯಾಯಾಲಯ ಸಾರಿತು. ಸಕಾರಣವಿಲ್ಲದೆ ವರ್ಷಗಟ್ಟಲೆ ಕ್ಷಮಾದಾನದ ಅರ್ಜಿಯನ್ನು ಬಾಕಿಯಿಟ್ಟು, ಸಾವಿನ ನೆರಳಿನಲ್ಲಿ ಮನುಷ್ಯನನ್ನು ಕೂರಿಸುವುದು ಒಂದು ಬಗೆಯ ಚಿತ್ರಹಿಂಸೆ. ಆ ಕಾರಣಕ್ಕಾಗಿ ಗಲ್ಲನ್ನು ಜೀವಾವಧಿಗೆ ಇಳಿಸಬಹುದು. ಟಾಡಾ ಅಪರಾಧಿಗೂ ಇತರರಿಗೂ ಈ ವಿಷಯದಲ್ಲಿ ಭೇದವೆಣಿಸಬಾರದೆಂದು ಹೇಳಿ, ಹಿಂದಿನ ವರ್ಷ ತನ್ನದೇ ಇನ್ನೊಂದು ಪೀಠ ತಳೆದಿದ್ದ ನಿಲುವನ್ನು ಬದಿಗೆ ಸರಿಸಿತು. ಆ ದಿನ 15 ಮಂದಿಯ ಗಲ್ಲು ಜೀವಾವಧಿಯಾಯಿತು. ಪಾಲಾರ್ ಪ್ರಕರಣದ ನಾಲ್ವರು ಅವರಲ್ಲಿದ್ದರು.

ರಾಷ್ಟ್ರಪತಿಯವರ ನಿರ್ಧಾರದ ಮೇಲೆ ತಾನು ಮೇಲ್ಮನವಿ ಕೇಳುತ್ತಿಲ್ಲವೆಂದು ನ್ಯಾಯಾಲಯ ಸ್ಪಷ್ಟಪಡಿಸಿತು; ನಿರ್ಧಾರಕ್ಕೆ ತಗುಲಿದ ಕಾಲವನ್ನಷ್ಟೇ ಅದು ಪರಿಶೀಲಿಸಿತು. ಜೊತೆಗೆ ಕೆಲವು ನಿಯಮಗಳನ್ನೂ ಹಾಕಿಕೊಟ್ಟಿತು. ಅರ್ಜಿ ತಿರಸ್ಕೃತವಾದ ಸುದ್ದಿಯನ್ನು ಅಪರಾಧಿಗೂ ಮನೆಯವರಿಗೂ ಬರವಣಿಗೆಯಲ್ಲಿ ತಿಳಿಸಬೇಕು, ಆಮೇಲೆ ಕನಿಷ್ಠ 14 ದಿನಗಳ ಅವಕಾಶವಿರಬೇಕು, ವಕೀಲರ ನೆರವು ಕೊನೆಯ ಕ್ಷಣದವರೆಗೂ ದೊರೆಯಬೇಕು, ಮನೆಯವರನ್ನು ಕಾಣಗೊಡಿಸಬೇಕು.

ಪಾಲಾರಿನಲ್ಲಿ ಮಡಿದವರ ಮನೆಗಳಲ್ಲಿ ಈ ತೀರ್ಪು ಸಂತೋಷ ತಂದಿರಲಾರದು. ಮಗನನ್ನು, ಗಂಡನನ್ನು ಕಳೆದುಕೊಂಡವರಿಗೆ ಅನುಚ್ಛೇದಗಳ ಸಂಖ್ಯೆಯಿಂದ ಸಮಾಧಾನವಾಗದು. 2000ದಲ್ಲಿ ಸೆರೆಮನೆಯ ಬಾಗಿಲನ್ನು ತೆರೆಯಬೇಡಿರೆಂದ ನ್ಯಾಯಾಲಯವೇ 2014ರಲ್ಲಿ ಗಲ್ಲಿನ ಹಗ್ಗವನ್ನು ಬಿಗಿಯಬೇಡಿರೆಂದಿತು. ಮೊದಲನೆಯದರಲ್ಲಿ ಸರ್ಕಾರ ಭಯದಿಂದ ಅವಸರಪಟ್ಟಿತ್ತು. ಎರಡನೆಯದರಲ್ಲಿ ಆಲಸ್ಯದಿಂದ ತಡಮಾಡಿತ್ತು.

ಅಬ್ದುಲ್ ಕರೀಂ ಅವರ ಮೇಲ್ಮನವಿಗೆ ಇನ್ನೊಂದು ಮುಂದುವರಿಕೆ ಉಂಟು. ದಂಡ ಪ್ರಕ್ರಿಯಾ ಸಂಹಿತೆಯ 321ನೆಯ ಪ್ರಕರಣದಲ್ಲಿ ಸರ್ಕಾರದ, ಅಭಿಯೋಜಕರ ಹಾಗೂ ನ್ಯಾಯಾಲಯದ ಪ್ರಸ್ತಾಪ ಇತ್ತೇ ಹೊರತು ಅಪರಾಧದಿಂದ ನೊಂದವರ ಸುಳಿವಿರಲಿಲ್ಲ. ಕೊಲೆಯಾದವನ ತಂದೆಯನ್ನು ಕೇಳಿಯೇ ಮೊಕದ್ದಮೆ ಹಿಂತೆಗೆಯಬೇಕೆಂದು ಅದು ಹೇಳಿರಲಿಲ್ಲ. ಆ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು 2024ರ ಜುಲೈ 1ರಿಂದ ಜಾರಿಗೆ ಬಂದಿದೆ. ಮೊಕದ್ದಮೆ ಹಿಂತೆಗೆಯುವ ವಿಷಯ ಈಗ ಅದರ 360ನೆಯ ಪ್ರಕರಣದಲ್ಲಿದೆ. ಹಳೆಯ ಮಾತುಗಳೇ ಬಹುಮಟ್ಟಿಗೆ ಅಲ್ಲಿಯೂ ಇವೆ. ಕೊನೆಯಲ್ಲಿ ಒಂದು ಹೊಸ ವಾಕ್ಯ ಸೇರಿದೆ. ಸಂತ್ರಸ್ತನಿಗೆ ತನ್ನ ಅಹವಾಲನ್ನು ಹೇಳಿಕೊಳ್ಳಲು ಅವಕಾಶ ಕೊಡದೆ ಯಾವ ನ್ಯಾಯಾಲಯವೂ ಹಿಂತೆಗೆತಕ್ಕೆ ಒಪ್ಪಿಗೆ ನೀಡತಕ್ಕದ್ದಲ್ಲ ಎಂಬುದು ಅದರ ಸಾರ.